ಬಣ್ಣಬಣ್ಣದ ಎಲ್‌ಇಡಿ ಟಾರ್ಚು: ನಮ್ಮ ಮಳೆ, ಮಂಜು, ತೋಟ, ಕಡಲತೀರಕ್ಕೆ ಯಾವುದು ಹೊಂದುತ್ತದೆ?

ತೋಟದಮನೆ, ಶಿರಸಿ

ಮಳೆಗಾಲ ಹಿಡಿಯುವ ಮುನ್ನ ಮನೆಗೊಂದು ಗಟ್ಟಿ ಟಾರ್ಚು ಕೊಳ್ಳಬೇಕಾಗಿದೆ. ಪೇಟೆಯಲ್ಲಿ ವಿಚಾರಿಸಿದರೆ ಬರಿಯ ಬಿಳಿ ಬೆಳಕಿನ ಟಾರ್ಚನ್ನು ಅಂಗಡಿಯವರು ಈಗ ಮುಂದಕ್ಕೇ ತೆಗೆಯುವುದಿಲ್ಲ. ಬಿಳಿ, ಕೆಂಪು, ಹಸಿರು, ನೀಲಿ ಎಂದು ನಾಲ್ಕು ಬಣ್ಣ ಬರುವಂಥದ್ದನ್ನೇ ತೋರಿಸುತ್ತಾರೆ; ಕೆಲವದರಲ್ಲಿ ಇವುಗಳ ಜೊತೆಗೆ ನೇರಳಾತೀತ ದೀಪವೂ ಇದೆ. ಬೆಲೆಯೂ ಬಣ್ಣಕ್ಕೆ ತಕ್ಕಂತೆ ಏರುತ್ತದೆ. ನನ್ನ ಅಗತ್ಯ ದೊಡ್ಡದೇನಲ್ಲ: ಕರೆಂಟು ಹೋದ ರಾತ್ರಿ ಕೊಟ್ಟಿಗೆಗೆ ಹೋಗಿಬರಬೇಕು, ಹಂದಿ ಬಂದ ಸದ್ದಾದರೆ ಸಂಕ (ಹಳ್ಳದ ಕಾಲುಸೇತುವೆ) ದಾಟಿ ತೋಟಕ್ಕೆ ಇಳಿಯಬೇಕು, ಆಗೊಮ್ಮೆ ಈಗೊಮ್ಮೆ ಗೆಳೆಯರೊಡನೆ ಕಾಡಂಚಿನ ಮನೆಗಳಲ್ಲಿ ಉಳಿಯುವುದಿದೆ. ಈ ಬಣ್ಣಗಳಿಂದ ನಿಜವಾದ ಉಪಯೋಗವೇನು, ಯಾವುದು ಯಾವ ಕೆಲಸಕ್ಕೆ, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ಬಳಸಿ ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಬೆಸುಗೆಕಡ್ಡಿ, ಕುಮಟಾ

ಮೊದಲು ಬಣ್ಣ ಹುಟ್ಟುವ ಬಗೆಯನ್ನು ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಟಾರ್ಚಿನಲ್ಲಿರುವ ಬಿಳಿ ಎಲ್‌ಇಡಿ ಮೂಲತಃ ನೀಲಿ ಎಲ್‌ಇಡಿಯೇ. ಸುಮಾರು 450 ನ್ಯಾನೊಮೀಟರಿನ (ಬೆಳಕಿನ ಬಣ್ಣವನ್ನು ಗುರುತಿಸುವ ಅಲೆಯುದ್ದದ ಅಳತೆ) ನೀಲಿ ಬೆಳಕನ್ನು ಹಳದಿ ಫಾಸ್ಫರ್ ಲೇಪದ ಮೂಲಕ ಹಾಯಿಸಿ, ಎರಡರ ಮಿಶ್ರಣ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುವಂತೆ ಮಾಡಿರುತ್ತಾರೆ. ಬರಿಗಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಆದರೆ ಪ್ರಖರವಾದ ನೀಲಿ ಬರುವವರೆಗೆ ಬಿಳಿ ಸಾಧ್ಯವಿರಲಿಲ್ಲ. 2014ರ ಭೌತಶಾಸ್ತ್ರದ ನೊಬೆಲ್ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ ಸಂದದ್ದು ಆ ನೀಲಿಗಾಗಿಯೇ.

ಈ ಹಿನ್ನೆಲೆ ನಮ್ಮ ಖರೀದಿಗೆ ಏಕೆ ಮುಖ್ಯವೆಂದರೆ, ಅಗ್ಗದ ಬಣ್ಣದ ಟಾರ್ಚುಗಳಲ್ಲಿ ಬಿಳಿ ಎಲ್‌ಇಡಿಯ ಮುಂದೆ ಕೆಂಪು ಗಾಜನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ತಂದು ನಿಲ್ಲಿಸಿರುತ್ತಾರೆ. ಬಿಳಿ ಎಲ್‌ಇಡಿಯಲ್ಲಿ ಕಡುಗೆಂಪಿನ ಪಾಲು ಮೊದಲೇ ಕಡಿಮೆ. ಸೋಸಿದಾಗ ಬಹುಪಾಲು ಬೆಳಕು ಗಾಜಿನಲ್ಲೇ ಸತ್ತು, ಬ್ಯಾಟರಿ ಮಾತ್ರ ಪೂರ್ತಿ ಖರ್ಚಾಗುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಚಿಪ್ (ಬೆಳಕು ಹುಟ್ಟಿಸುವ ಸಣ್ಣ ತುಣುಕು) ಇರುವ ಟಾರ್ಚಿನಲ್ಲಿ ಈ ನಷ್ಟವಿಲ್ಲ. ಅಂಗಡಿಯಲ್ಲೇ ಗುರುತಿಸುವುದು ಸುಲಭ: ಟಾರ್ಚನ್ನು ಆರಿಸಿಟ್ಟು ಗಾಜಿನೊಳಗೆ ಇಣುಕಿ ನೋಡಿ. ಬಿಳಿಯ ಚಿಪ್ಪಿನ ಮೇಲೆ ಹಳದಿ ಚೌಕ ಕಾಣುತ್ತದೆ. ಕೆಂಪು, ಹಸಿರು, ನೀಲಿಯ ಚಿಪ್ಪುಗಳಿದ್ದರೆ ಅವು ಪಕ್ಕದಲ್ಲಿ ಪಾರದರ್ಶಕ ಹನಿಗಳಂತೆ ಇರುತ್ತವೆ.

ಎರಡನೆಯದು ಗುಂಡಿಯ ಕ್ರಮ. ನನ್ನ ಮಟ್ಟಿಗೆ ಬಣ್ಣದ ಟಾರ್ಚಿನ ಯೋಗ್ಯತೆ ನಿರ್ಧಾರವಾಗುವುದೇ ಇಲ್ಲಿ. ಒತ್ತಿದೊಡನೆ ಬಿಳಿ ಭಗ್ಗೆಂದು ಹೊತ್ತಿ, ಇನ್ನೊಮ್ಮೆ, ಮತ್ತೊಮ್ಮೆ ಒತ್ತಿದ ಮೇಲೆ ಕೆಂಪು ಬರುವ ಟಾರ್ಚಿನಲ್ಲಿ ಕೆಂಪು ಇದ್ದೂ ಇಲ್ಲದಂತೆಯೇ. ಕತ್ತಲೆಗೆ ಹೊಂದಿಕೊಂಡ ಕಣ್ಣು ಆ ಮೊದಲ ಕ್ಷಣದಲ್ಲೇ ಕೆಟ್ಟಿರುತ್ತದೆ. ಕೆಂಪಿಗೆ ಪ್ರತ್ಯೇಕ ಗುಂಡಿ ಇರಬೇಕು, ಇಲ್ಲವೇ ತಿರುಗಿಸುವ ಬಳೆಯಲ್ಲಿ ಬಣ್ಣವನ್ನು ಮೊದಲೇ ಆರಿಸಿಟ್ಟು ಆಮೇಲೆ ಹೊತ್ತಿಸುವಂತಿರಬೇಕು.

ನಿಶಾಚರಿ, ಯಲ್ಲಾಪುರ

ಮೇಲಿನ ಕೊನೆಯ ಮಾತು ನೂರಕ್ಕೆ ನೂರು ಸರಿ. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಕಣ್ಣಿನಲ್ಲಿ ಹಗಲಿಗೆ ಶಂಕುಕೋಶಗಳು, ಕತ್ತಲೆಗೆ ದಂಡಕೋಶಗಳು ಎಂದು ಎರಡು ಬಗೆ ಇವೆ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕು ತಗುಲಿದೊಡನೆ ಬಿಳಚಿಕೊಳ್ಳುತ್ತದೆ. ಅದು ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ, ಪೂರ್ತಿಯಾಗಲು ಇನ್ನೂ ಹೆಚ್ಚು ಹೊತ್ತು ಬೇಕು. ಈ ಕೋಶಗಳ ಸಂವೇದನೆ ಸುಮಾರು 500 ನ್ಯಾನೊಮೀಟರಿನ ನೀಲಿಹಸಿರಿನಲ್ಲಿ ಅತಿ ಹೆಚ್ಚು. ಕೆಂಪಿನತ್ತ ಹೋದಂತೆ ಕುಸಿಯುತ್ತ 640ರ ಆಚೆಗೆ ಇಲ್ಲವೆನ್ನುವಷ್ಟಾಗುತ್ತದೆ. ಆದ್ದರಿಂದಲೇ ಕೆಂಪು ಬೆಳಕಿನಲ್ಲಿ ಕೈಚೀಲ ಹುಡುಕಿ, ಟಾರ್ಚು ಆರಿಸಿದ ಮೇಲೂ ನಕ್ಷತ್ರಗಳು ಮೊದಲಿನಂತೆಯೇ ಕಾಣುತ್ತವೆ.

ಆದರೆ ಇಲ್ಲೊಂದು ಷರತ್ತಿದೆ. ಟಾರ್ಚುಗಳಲ್ಲಿ ಬರುವ ಸಾಮಾನ್ಯ ಕೆಂಪು 620ರಿಂದ 630 ನ್ಯಾನೊಮೀಟರಿನದು. ಅದು ದಂಡಕೋಶಗಳನ್ನು ಪೂರ್ತಿ ಬಿಟ್ಟುಬಿಡುವುದಿಲ್ಲ. ಪ್ರಖರವಾದ ಕೆಂಪು, ಅತಿ ಮಂದವಾದ ಬಿಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಕೆಂಪಿಗೆ ಇನ್ನೂರು, ಮುನ್ನೂರು ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಹೆಮ್ಮೆಯಿಂದ ಬರೆದಿದ್ದರೆ ಅದನ್ನು ಗುಣವೆಂದು ತಿಳಿಯಬೇಡಿ. ಕೆಂಪಿನ ಅತಿ ಕೆಳಗಿನ ಮಟ್ಟ ಎಷ್ಟು ಎಂದು ಕೇಳಿ. ಒಂದೆರಡು ಲ್ಯೂಮೆನ್‌ಗೆ ಇಳಿಯುವುದಾದರೆ ಅದು ಉಪಯೋಗಕ್ಕೆ ಬರುವ ಕೆಂಪು.

ಮಳೆಗಾಲದ ನಮ್ಮ ಕಾಡಿನಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಮಿನುಗುವ ಅಣಬೆಗಳನ್ನು ನೋಡಬೇಕೆನ್ನುವವರಿಗೆ ಇದಕ್ಕಿಂತ ಬೇರೆ ದಾರಿಯಿಲ್ಲ. ಬಿಳಿ ಟಾರ್ಚು ಹಿಡಿದು ಹೋದವರು ಅವುಗಳನ್ನು ತುಳಿದುಕೊಂಡೇ ಮುಂದೆ ಹೋಗುತ್ತಾರೆ. ಕಾಡುಪಾಪದಂಥ ನಿಶಾಚರ ಪ್ರಾಣಿಗಳ ಅಧ್ಯಯನ ಮಾಡುವವರು ಹಣೆದೀಪಕ್ಕೆ ಕೆಂಪು ಹಾಳೆ ಕಟ್ಟುವುದೂ ಇದೇ ಕಾರಣಕ್ಕೆ. ಬಿಳಿ ಬೆಳಕನ್ನು ಮುಖಕ್ಕೆ ಹಿಡಿದರೆ ಆ ದೊಡ್ಡ ಕಣ್ಣುಗಳಿಗೆ ಆಗುವ ಹಿಂಸೆ ಸಣ್ಣದಲ್ಲ.

ಮಾಳದ ಕಾವಲು, ಸಿದ್ದಾಪುರ

ಕೆಂಪಿನ ಹೊಗಳಿಕೆ ಓದಿದೆ. ಗದ್ದೆಯ ಮಾಳದಲ್ಲಿ ಕೂತು ಹಂದಿ ಕಾಯುವ ನನ್ನಂಥವರಿಗೆ ಹಸಿರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಬ್ಯಾಟರಿಯಲ್ಲಿ ಹಸಿರು ದೂರದವರೆಗೆ ಸ್ಪಷ್ಟವಾಗಿ ಕಾಣಿಸುತ್ತದೆ, ಕಣ್ಣಿಗೂ ಕುಕ್ಕುವುದಿಲ್ಲ. ಕೆಂಪು ಹಾಕಿದರೆ ಗದ್ದೆಯ ಆಚೆಯ ಬದು ಕೂಡ ನೆಟ್ಟಗೆ ಕಾಣುವುದಿಲ್ಲ. ಇನ್ನು ಸಂಕ ದಾಟಿ ತೋಟಕ್ಕೆ ಇಳಿಯಲು ಕೆಂಪು ಸಾಕಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ರೂಢಿಯಾದ ದಾರಿಯಲ್ಲಿ ಅದು ನಿಜವೂ ಹೌದು.

ನಿಶಾಚರಿ, ಯಲ್ಲಾಪುರ

ಹಸಿರಿನ ಬಗ್ಗೆ ನೀವು ಹೇಳಿದ್ದರಲ್ಲಿ ಮೊದಲ ಭಾಗ ಸರಿ. ಹಗಲುಗಣ್ಣಿನ ಸಂವೇದನೆ 555 ನ್ಯಾನೊಮೀಟರಿನ ಹಳದಿಹಸಿರಿನಲ್ಲಿ ಗರಿಷ್ಠ. ಎಲ್‌ಇಡಿಯ ಹಸಿರು 520, 530ರ ಹತ್ತಿರ ಇರುವುದರಿಂದ ಕಡಿಮೆ ವಿದ್ಯುತ್ತಿಗೆ ಹೆಚ್ಚು ಕಂಡಂತೆ ಆಗುತ್ತದೆ. ಆದರೆ ದಂಡಕೋಶಗಳನ್ನು ಬಿಳಚಿಸುವುದೂ ಅದೇ ಹಸಿರು. ಕಾವಲಿಗೆ ಕೂತು ಕತ್ತಲೆಯಲ್ಲಿ ಕಣ್ಣನ್ನು ಹದಗೊಳಿಸಿಕೊಂಡಿದ್ದರೆ, ಒಮ್ಮೆ ಹಸಿರು ಬೆಳಗಿಸಿದ ಮೇಲೆ ಆ ಹದ ಉಳಿಯುವುದಿಲ್ಲ. ಹಂದಿಗೆ ಕೆಂಪು ನಮಗೆ ಕಂಡಷ್ಟು ಕಾಣುವುದಿಲ್ಲ, ಹಸಿರು ಕಾಣುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಓಡಿಸಬೇಕೆಂದಿದ್ದರೆ ಅದರಿಂದ ನಷ್ಟವೇನಿಲ್ಲ, ಆದರೆ ಆಗ ಬಿಳಿಯೇ ಸಾಕಲ್ಲವೇ? ಬೆಳಕಿಗೆ ಹಂದಿ ಬೇಗ ಒಗ್ಗಿಕೊಳ್ಳುತ್ತದೆ ಎಂಬುದನ್ನು ಕಾವಲು ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯ ಭಾಗವನ್ನು ಮಾತ್ರ ಒಪ್ಪಲಾರೆ. ಕೆಂಪು ಬೆಳಕಿನಲ್ಲಿ ತೋಟಕ್ಕೆ ಇಳಿಯಬಾರದು. ಕೆಂಪಿನಲ್ಲಿ ಬಣ್ಣಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ: ಒಣಗಿದ ಅಡಿಕೆ ಹಾಳೆ, ಕೊಳೆತ ಎಲೆ, ಕಂದು ಹಾವು ಎಲ್ಲವೂ ಕೆಂಪನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಂದಿರುಗಿಸುವುದರಿಂದ ಎಲ್ಲವೂ ಒಂದೇ ಮಾಸಲಾಗಿ ಕಾಣುತ್ತವೆ. ಕೊಳಕುಮಂಡಲದ ಬೆನ್ನಿನ ಕಂದು ಮಚ್ಚೆಗಳು ತರಗೆಲೆಯ ನಡುವೆ ಹಗಲಿನಲ್ಲೇ ಕಣ್ಣು ತಪ್ಪಿಸುತ್ತವೆ. ಘಟ್ಟದ ಗುಳಿಮಂಡಲಗಳು ಹಸಿರು, ಕಂದು, ಹಳದಿ ಎಂದು ನಾನಾ ಬಣ್ಣಗಳಲ್ಲಿ ಸಿಗುತ್ತವೆ, ಕದಲದೆ ಕೂತಿರುತ್ತವೆ. ಇನ್ನೊಂದು ವಿಷಯ: ಪುನುಗುಬೆಕ್ಕು, ಜಿಂಕೆ, ಕಾಡುಕೋಣದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ, ಟಾರ್ಚಿಗೆ ಅವುಗಳ ಕಣ್ಣು ಹೊಳೆಯುತ್ತದೆ. ಹಾವಿಗೆ ಆ ಪದರವಿಲ್ಲ. ಹಾವಿದ್ದರೆ ಕಣ್ಣು ಹೊಳೆದೀತು ಎಂದು ನಂಬಿ ನಡೆಯುವವರು ಈಗಲೂ ಇದ್ದಾರೆ; ಹೊಲದಲ್ಲಿ ಮಿಣುಕುವ ಆ ಸಣ್ಣ ಚುಕ್ಕಿಗಳು ಹೆಚ್ಚಾಗಿ ಜೇಡದವು.

ಬೆಸುಗೆಕಡ್ಡಿ, ಕುಮಟಾ

ಹಾವಿನ ಮಾತು ಬಂದದ್ದರಿಂದ ಬಿಳಿಯ ಗುಣಮಟ್ಟದ ಬಗ್ಗೆ ಬರೆಯಲೇಬೇಕು. ಬಣ್ಣಗಳ ಗದ್ದಲದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಬಿಳಿಯಲ್ಲೂ ಹಲವು ಬಗೆ ಇವೆ. 6500 ಕೆಲ್ವಿನ್ ಎಂದರೆ ನೀಲಿ ಛಾಯೆಯ ತಣ್ಣನೆಯ ಬಿಳಿ, 4000 ಸುಮಾರಿಗೆ ಮಧ್ಯಮ, 3000ದ ಹತ್ತಿರ ಹಳೆಯ ಬಲ್ಬಿನ ಹಳದಿ. ಇದಲ್ಲದೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ, ಗರಿಷ್ಠ 100. ಸಾಮಾನ್ಯ ಟಾರ್ಚುಗಳ ಬಿಳಿ 70ರ ಆಸುಪಾಸು. ಒಳ್ಳೆಯವು 90ಕ್ಕೂ ಮೇಲೆ. ಅದರಲ್ಲೇ ಕಡುಗೆಂಪನ್ನು ಅಳೆಯುವ ಆರ್9 ಎಂಬ ಅಂಶ ಅಗ್ಗದ ಎಲ್‌ಇಡಿಗಳಲ್ಲಿ ಸೊನ್ನೆಗಿಂತಲೂ ಕೆಳಗೆ ಇರುವುದುಂಟು. ಅಂಥ ಬೆಳಕಿನಲ್ಲಿ ಚಿರೆಕಲ್ಲಿನ ಮೆಟ್ಟಿಲು, ಒದ್ದೆ ಎಲೆ, ಕಾಲಿಗೆ ಹತ್ತಿದ ಉಂಬಳ ಎಲ್ಲವೂ ಬೂದಿಬಣ್ಣಕ್ಕೆ ತಿರುಗುತ್ತವೆ.

4000 ಕೆಲ್ವಿನ್, ಸಿಆರ್‌ಐ 90 ಇರುವ ಬಿಳಿಯೊಂದು, ಪಕ್ಕದಲ್ಲಿ ಮಂದಗೊಳ್ಳುವ ಕೆಂಪೊಂದು. ಘಟ್ಟದ ಮನೆಗೆ ಇಷ್ಟಿದ್ದರೆ ಉಳಿದ ಬಣ್ಣಗಳಿಗೆ ಕೊಡುವ ಹಣವನ್ನು ಬ್ಯಾಟರಿಗೆ ಹಾಕುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಚಾರಣದ ಚೀಲ, ಅಂಕೋಲಾ

ನೀಲಿಯಿಂದ ರಕ್ತದ ಕಲೆ ಕಾಣುತ್ತದೆ, ಹಳದಿಯಿಂದ ಮಂಜು ಸೀಳಿಹೋಗುತ್ತದೆ ಎಂದು ಜಾಹೀರಾತುಗಳಲ್ಲಿ ಓದಿದ್ದೇನೆ. ದೇವಿಮನೆ ಘಟ್ಟದ ಮಳೆಗಾಲದ ಮಂಜನ್ನು ಬಲ್ಲವರಿಗೆ ಎರಡನೆಯದು ಆಸೆ ಹುಟ್ಟಿಸುವ ಮಾತು. ಇದರಲ್ಲಿ ಹುರುಳಿದೆಯೇ?

ನಿಶಾಚರಿ, ಯಲ್ಲಾಪುರ

ರಕ್ತದ ಕಲೆಯ ವಿಷಯ ಬೇಟೆಗಾರರ ಮಾರುಕಟ್ಟೆಗಾಗಿ ಹುಟ್ಟಿದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮ ದೇಶದಲ್ಲಿ ಅದರ ಚರ್ಚೆಯೇ ಬೇಡ.

ಮಂಜಿನ ಮಾತಿಗೆ ಬಂದರೆ, ಆಕಾಶ ನೀಲಿಯಾಗುವುದು ಬೆಳಕಿನ ಅಲೆಗಿಂತ ಬಹಳ ಸಣ್ಣದಾದ ಗಾಳಿಯ ಅಣುಗಳಿಂದ. ಅವು ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಮಂಜಿನ ಹನಿಗಳು ಹಾಗಲ್ಲ. ಅವು ಮೈಕ್ರೊಮೀಟರುಗಳ, ಹಲವೊಮ್ಮೆ ಹತ್ತಾರು ಮೈಕ್ರೊಮೀಟರುಗಳ ಗಾತ್ರದವು, ಬೆಳಕಿನ ಅಲೆಯೋ ಅರ್ಧ ಮೈಕ್ರೊಮೀಟರಿನ ಸುತ್ತಮುತ್ತ. ಇಷ್ಟು ದೊಡ್ಡ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ ಸಾಕ್ಷಿ. ತಣ್ಣನೆಯ ನೀಲಿ ಬಿಳಿಗಿಂತ ಬೆಚ್ಚನೆಯ ಬಿಳಿ ಕಣ್ಣಿಗೆ ಹಿತವೆನಿಸಬಹುದು, ಆದರೆ ಸೀಳಿಕೊಂಡು ಹೋಗುವುದೇನೂ ಇಲ್ಲ.

ವ್ಯತ್ಯಾಸ ಮಾಡುವುದು ಟಾರ್ಚು ಹಿಡಿಯುವ ಎತ್ತರ. ಹಣೆದೀಪ ಕಟ್ಟಿಕೊಂಡರೆ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟು, ಹನಿಗಳಿಗೆ ತಗುಲಿ, ನೇರವಾಗಿ ಕಣ್ಣಿಗೇ ಹಿಂದಿರುಗುತ್ತದೆ; ಎದುರಿಗೆ ಬಿಳಿಯ ಗೋಡೆ ಎದ್ದಂತಾಗುತ್ತದೆ. ಟಾರ್ಚನ್ನು ಕೈಯಲ್ಲಿ ಸೊಂಟಕ್ಕಿಂತ ಕೆಳಗೆ ಹಿಡಿದು, ತೆಳ್ಳನೆಯ ಕಿರಣವನ್ನು ನೆಲಕ್ಕೆ ಓರೆಯಾಗಿ ಬಿಟ್ಟರೆ ದಾರಿ ತೆರೆದುಕೊಳ್ಳುತ್ತದೆ. ಹೀಗೆ ಓರೆ ಬೆಳಕಿಗೆ ಕಲ್ಲು, ಬೇರು, ಹಾವು ಎಲ್ಲಕ್ಕೂ ಉದ್ದನೆಯ ನೆರಳು ಬೀಳುವುದರಿಂದ ನೆಲದ ಉಬ್ಬುತಗ್ಗು ಕೂಡ ಸ್ಪಷ್ಟವಾಗುತ್ತದೆ. ಹಣೆದೀಪದಲ್ಲಿ ನೆರಳು ವಸ್ತುವಿನ ಹಿಂದೆಯೇ ಅಡಗಿರುತ್ತದೆ.

ಟೊಂಕದ ದಂಡೆ, ಹೊನ್ನಾವರ

ಕಡಲತೀರದ ವಿಷಯ ಯಾರೂ ಎತ್ತದ ಕಾರಣ ಬರೆಯುತ್ತಿದ್ದೇನೆ. ಕಾಸರಕೋಡ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತವೆ. ಕಾರವಾರದ ಕಡೆಯ ದಂಡೆಗಳಲ್ಲೂ ಗೂಡುಗಳು ಸಿಗುತ್ತವೆ. ಮೊಟ್ಟೆಯೊಡೆದ ಮರಿಗಳು ರಾತ್ರಿ ಮರಳಿನಿಂದ ಎದ್ದು, ಹೆಚ್ಚು ಬೆಳಕಿರುವ ದಿಗಂತ ಯಾವುದೋ ಅತ್ತ ಹೊರಡುತ್ತವೆ. ಸಹಜವಾಗಿ ಅದು ಕಡಲು. ನಡುವೆ ಒಂದು ಬಿಳಿ ಟಾರ್ಚು ಬೆಳಗಿದರೆ ಅವು ಟಾರ್ಚಿನ ಕಡೆಗೇ ತಿರುಗುತ್ತವೆ. ಮೊಟ್ಟೆಯಿಡಲು ಬಂದ ತಾಯಿ ಆಮೆ ಬೆಳಕು ಕಂಡು, ಮೊಟ್ಟೆಯಿಡದೆಯೇ ನೀರಿಗೆ ಮರಳುವುದುಂಟು.

ನೀಲಿ ಮತ್ತು ಹಸಿರು ಬೆಳಕು ಅವುಗಳನ್ನು ಅತಿ ಹೆಚ್ಚು ಸೆಳೆಯುತ್ತವೆ. ಕಡುಹಳದಿ ಮತ್ತು ಕೆಂಪು ಬಹಳ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲವೆಂದಲ್ಲ. ಆದ್ದರಿಂದ ಆಮೆಯಿರುವ ದಂಡೆಯಲ್ಲಿ ನಡೆಯಲೇಬೇಕಾದವರು ಮಂದವಾದ ಕೆಂಪನ್ನು ಕಾಲಬುಡಕ್ಕೆ ಮಾತ್ರ ಹಿಡಿದುಕೊಳ್ಳಬೇಕು, ಆಮೆ ಕಂಡೊಡನೆ ಅದನ್ನೂ ಆರಿಸಬೇಕು. ಫೋಟೊಗೆಂದು ಹಸಿರು ಬೆಳಕು ಬಿಡುವ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ಹಸಿರು ಪರಿಸರಸ್ನೇಹಿ ಎಂಬ ಭಾವನೆ ಅವರಿಗೆ ಎಲ್ಲಿಂದ ಬಂತೋ!

ಕಾಳಿ ಕಡವು, ಕಾರವಾರ

ಟೊಂಕದವರ ಮಾತಿಗೆ ದೋಣಿಯವರ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ನೀರಿನ ಮೇಲೆ ಕೆಂಪು, ಹಸಿರು ದೀಪಗಳಿಗೆ ನಿಗದಿತ ಅರ್ಥವಿದೆ. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಹಡಗಿನ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ಹಿಂದೆ ಬಿಳಿ. ಎದುರಿನವನು ಈ ಬಣ್ಣಗಳನ್ನು ನೋಡಿಯೇ ನಾವು ಯಾವ ಕಡೆಗೆ ಸಾಗುತ್ತಿದ್ದೇವೆಂದು ಲೆಕ್ಕ ಹಾಕುತ್ತಾನೆ. ಸಣ್ಣ ದೋಣಿಯಲ್ಲಿ ಕೂತು ಬಣ್ಣದ ಟಾರ್ಚನ್ನು ಆಡಿಸುತ್ತಿದ್ದರೆ ಬಂದರಿನತ್ತ ಬರುವ ಟ್ರಾಲರಿನವರಿಗೆ ಅದು ತಪ್ಪು ಸಂದೇಶ. ಹುಟ್ಟು ಹಾಕುವ ದೋಣಿಗೆ ಅದೇ ನಿಯಮಗಳು ಕೊಡುವ ಸೌಲಭ್ಯವೆಂದರೆ, ಬೇರೆ ದೀಪಗಳಿಲ್ಲದಿದ್ದರೆ ಬಿಳಿ ಬೆಳಕಿನ ಟಾರ್ಚನ್ನೋ ಲಾಂದ್ರವನ್ನೋ ಕೈಗೆ ಸಿಗುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸಲು ಸಕಾಲದಲ್ಲಿ ತೋರಿಸಿದರೆ ಸಾಕು. ಅಂದರೆ ನೀರಿನ ಮೇಲೆ ಬಿಳಿಯೇ ಸರಿ.

ಹಸಿರು ಟಾರ್ಚಿಗೆ ಮೀನು ಬರುತ್ತದೆ ಎಂಬ ಆಸೆಯಿಂದ ಕೊಳ್ಳುವವರಿಗೂ ಒಂದು ಮಾತು. ಎಲ್‌ಇಡಿ ದೀಪ ಬಳಸಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ ನಮ್ಮ ಅನನ್ಯ ಆರ್ಥಿಕ ವಲಯದಲ್ಲಿ, ಅಂದರೆ ಮೀನುಗಾರಿಕೆಯ ಹಕ್ಕು ದೇಶಕ್ಕಿರುವ ಹೊರಗಡಲಿನಲ್ಲಿ, 2017ರ ನವೆಂಬರಿನಲ್ಲೇ ನಿಷೇಧಿಸಿದೆ, ರಾಜ್ಯವೂ ನಿಷೇಧಿಸಿದೆ. ನಿಷೇಧ ಬಂದದ್ದು ದೊಡ್ಡ ದೋಣಿಗಳ ಜನರೇಟರಿನ ದೀಪಗಳ ಕಾರಣಕ್ಕೆ ನಿಜ, ಆದರೂ ಸಾಂಪ್ರದಾಯಿಕ ಮೀನುಗಾರರು ಇಷ್ಟು ಹೋರಾಡಿದ ವಿಷಯವನ್ನು ಆಟವಾಗಿಸುವುದು ಸರಿಯಲ್ಲ.

ಕೆಂಪಿಗೆ ನಮ್ಮಲ್ಲೂ ಒಂದು ಒಳ್ಳೆಯ ಬಳಕೆಯಿದೆ. ಕಡಲು ಹೊಳೆಯುವ ರಾತ್ರಿಗಳಲ್ಲಿ, ನಾಕ್ಟಿಲುಕ ಎಂಬ ಸೂಕ್ಷ್ಮಜೀವಿಗಳಿಂದ ಅಲೆಯ ಅಂಚು ನೀಲಿಯಾಗಿ ಮಿಂಚುವಾಗ, ದಂಡೆಯುದ್ದಕ್ಕೂ ಜನ ಮೊಬೈಲಿನ ಬಿಳಿ ದೀಪ ಹಾಕಿಕೊಂಡು ಎಲ್ಲಿ ಎಲ್ಲಿ ಎಂದು ಹುಡುಕುತ್ತಿರುತ್ತಾರೆ. ದೀಪ ಆರಿಸಿ, ಕಾಲಬುಡಕ್ಕೆ ಮಂದ ಕೆಂಪು ಸಾಕು ಎಂದು ಹೇಳಿ ಹೇಳಿ ಸಾಕಾಗಿದೆ.

ತೋಟದಮನೆ, ಶಿರಸಿ

ಎಲ್ಲರಿಗೂ ಧನ್ಯವಾದಗಳು. ನೇರಳಾತೀತದ ಬಗ್ಗೆ ಯಾರೂ ಹೇಳಲಿಲ್ಲ. ಕಟ್ಟಿಗೆಮನೆಯಲ್ಲಿ ಚೇಳಿನ ಕಾಟ ಇರುವುದರಿಂದ ಕೇಳುತ್ತಿದ್ದೇನೆ. ಹಾಗೆಯೇ, ಮಳೆಯ ಮೊದಲ ದಿನಗಳಲ್ಲಿ ಟಾರ್ಚು ಹೊತ್ತಿಸಿದರೆ ಮುಖಕ್ಕೇ ಬಂದು ಬೀಳುವ ಮಳೆಹುಳುಗಳಿಗೆ ಯಾವ ಬಣ್ಣ ಒಳ್ಳೆಯದು?

ನಿಶಾಚರಿ, ಯಲ್ಲಾಪುರ

ಚೇಳಿನ ವಿಷಯದಲ್ಲಿ ನೇರಳಾತೀತ ಬೆಳಕು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಚೇಳಿನ ಹೊರಕವಚದಲ್ಲಿರುವ ಕೆಲವು ಸಂಯುಕ್ತಗಳು ನೇರಳಾತೀತವನ್ನು ಹೀರಿ ನೀಲಿಹಸಿರಾಗಿ ಬೆಳಗುತ್ತವೆ. ಕಟ್ಟಿಗೆ ರಾಶಿಯ ಸಂದಿಯಲ್ಲಿ ಕೊಂಡಿಯ ತುದಿಯಷ್ಟೇ ಹೊರಗಿದ್ದರೂ ಅದು ಎದ್ದು ಕಾಣುತ್ತದೆ. ಬಿಳಿ ಬೆಳಕಿನಲ್ಲಿ ಅದೇ ಜಾಗವನ್ನು ನೋಡಿದರೆ ಒಂದು ಕಪ್ಪು ಚಕ್ಕೆಯಷ್ಟೇ. ಟಾರ್ಚುಗಳಲ್ಲಿ 395 ಮತ್ತು 365 ನ್ಯಾನೊಮೀಟರ್ ಎಂಬ ಎರಡು ಬಗೆ ಇವೆ. 395ರದ್ದು ಅಗ್ಗ, ಆದರೆ ಅದರಲ್ಲಿ ನೇರಳೆ ಬೆಳಕು ಕಣ್ಣಿಗೂ ಕಾಣುವುದರಿಂದ ಹೊಳಪು ಅದರಲ್ಲಿ ಮುಳುಗುತ್ತದೆ. 365ರಲ್ಲಿ ಹಿನ್ನೆಲೆ ಕಪ್ಪಾಗಿ ಉಳಿದು ಚೇಳು ಮಾತ್ರ ಬೆಳಗುತ್ತದೆ. ಆಗತಾನೆ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ, ಆದ್ದರಿಂದ ಹೊಳಪು ಕಾಣಲಿಲ್ಲವೆಂದು ಬರಿಗೈ ಹಾಕಬೇಡಿ. ನೇರಳಾತೀತ ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಸುಡಬಲ್ಲದು. ಮಕ್ಕಳ ಕೈಗೆ ಕೊಡಬಾರದು, ಮುಖಕ್ಕೆ ತಿರುಗಿಸಬಾರದು, ಆ ಅಲೆಗಳನ್ನು ತಡೆಯುವ ಕನ್ನಡಕ ಹಾಕಿಕೊಂಡರೆ ಉತ್ತಮ.

ಹುಳುಗಳ ಕಣ್ಣು ನೇರಳಾತೀತ, ನೀಲಿ, ಹಸಿರುಗಳಿಗೆ ಚುರುಕು, ಕೆಂಪಿಗೆ ಬಹುತೇಕ ಕುರುಡು. ಆದ್ದರಿಂದ ಜಗಲಿಯಲ್ಲಿ ಇಡುವ ದೀಪಕ್ಕೆ 590 ನ್ಯಾನೊಮೀಟರಿನ ಕಡುಹಳದಿ ಅತ್ಯುತ್ತಮ. ನಾಲ್ಕು ಬಣ್ಣದ ಟಾರ್ಚುಗಳಲ್ಲಿ ನೀಲಿಯ ಬದಲು ಇದನ್ನು ಕೊಟ್ಟಿದ್ದರೆ ನಮ್ಮ ಕಡೆಯವರಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಚಾರಣದ ಚೀಲ, ಅಂಕೋಲಾ

ನಕ್ಷೆ ಓದುವವರಿಗೆ ಒಂದು ಎಚ್ಚರಿಕೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂನಕ್ಷೆಗಳಲ್ಲಿ ಎತ್ತರದ ಗೆರೆಗಳು ಕಂದು, ರಸ್ತೆಗಳು ಕೆಂಪು. ಕೆಂಪು ಬೆಳಕಿನಲ್ಲಿ ಇವೆರಡೂ ಕಾಗದದೊಳಗೇ ಕರಗಿಹೋಗುತ್ತವೆ, ಗುಡ್ಡವೇ ಇಲ್ಲದ ಬಯಲಿನಂತೆ ನಕ್ಷೆ ಕಾಣುತ್ತದೆ. ನಲವತ್ತು ದಾಟಿದವರಿಗೆ ಕೆಂಪಿನಲ್ಲಿ ಸಣ್ಣ ಅಕ್ಷರ ಓದುವುದು ಇನ್ನೂ ಕಷ್ಟ, ಏಕೆಂದರೆ ಕಣ್ಣಿನ ಮಸೂರ ಕೆಂಪನ್ನು ತುಸು ಹಿಂದೆ ಕೇಂದ್ರೀಕರಿಸುತ್ತದೆ. ಓದಲು ಮಂದವಾದ ಬಿಳಿಯೇ ಲೇಸು.

ಮಾಳದ ಕಾವಲು, ಸಿದ್ದಾಪುರ

ಹಸಿರಿನ ವಿಷಯವನ್ನು ಇಲ್ಲಿಗೆ ಬಿಡುತ್ತೇನೆ, ಆದರೂ ದೂರ ಕಾಣಬೇಕಾದವನಿಗೆ ಉತ್ತರ ಸಿಗಲಿಲ್ಲ. ಹತ್ತು ಸಾವಿರ ಲ್ಯೂಮೆನ್ ಎಂದು ಬರೆದ ಟಾರ್ಚು ನಮ್ಮ ಪಕ್ಕದವರಲ್ಲಿದೆ. ಹಳೆಯ ಮೂರು ಸೆಲ್ಲಿನ ಎವರೆಡಿಯಷ್ಟು ದೂರಕ್ಕೂ ಅದು ಹೋಗುವುದಿಲ್ಲ. ಮಳೆಗಾಲದಲ್ಲಿ ಎಷ್ಟು ಬಾಳುತ್ತದೆ ಎಂಬುದು ಬೇರೆ ಪ್ರಶ್ನೆ.

ಬೆಸುಗೆಕಡ್ಡಿ, ಕುಮಟಾ

ಲ್ಯೂಮೆನ್ ಎಂದರೆ ಹೊರಬರುವ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಕಿರಣದ ನಡುವಿನ ತೀವ್ರತೆ. 2009ರಲ್ಲಿ ಬಂದ ಎಫ್‌ಎಲ್1 ಎಂಬ ಮಾನದಂಡದಲ್ಲಿ ದೂರವನ್ನು ಬೆಳಕು 0.25 ಲಕ್ಸಿಗೆ ಇಳಿಯುವ ಜಾಗದವರೆಗೆ ಅಳೆಯುತ್ತಾರೆ. ಅದು ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿ. 2500 ಕ್ಯಾಂಡೆಲಾಕ್ಕೆ 100 ಮೀಟರು, 10,000ಕ್ಕೆ 200 ಮೀಟರು. ದೂರ ಎರಡು ಪಟ್ಟಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು. ಹಂದಿಯೋ ಹಸುವೋ ಎಂದು ಗುರುತಿಸಲು ಬೆಳದಿಂಗಳು ಸಾಲದಾದ್ದರಿಂದ ಬರೆದದ್ದರ ಅರ್ಧವನ್ನೇ ನಂಬುವುದು ಒಳ್ಳೆಯದು. ನಾಲ್ಕು ಬಣ್ಣದ ಚಿಪ್ಪುಗಳನ್ನು ಒಂದೇ ಪ್ರತಿಫಲಕದೊಳಗೆ ತುರುಕಿದರೆ ಯಾವುದೂ ನಟ್ಟನಡುವೆ ಕೂರುವುದಿಲ್ಲ. ಆದ್ದರಿಂದ ಬಹುವರ್ಣದ ಟಾರ್ಚುಗಳ ಕಿರಣ ಸ್ವಭಾವತಃ ಅಗಲ. ನಿಮಗೆ ಬೇಕಾದದ್ದು ಒಂದೇ ಬಿಳಿ ಚಿಪ್ಪಿನ, ಆಳವಾದ ಪ್ರತಿಫಲಕದ ಟಾರ್ಚು.

ಬ್ಯಾಟರಿಯ ಮೋಸ ಇದಕ್ಕಿಂತ ದೊಡ್ಡದು. 18650 ಎಂಬ ಸೆಲ್ಲಿನ ವ್ಯಾಸ 18 ಮಿಲಿಮೀಟರು, ಉದ್ದ 65. ಈ ಗಾತ್ರದಲ್ಲಿ ಒಳ್ಳೆಯ ಸೆಲ್ಲು ಕೊಡುವುದು ಸುಮಾರು 3500 ಮಿಲಿಆಂಪಿಯರ್ ಗಂಟೆ. ಪೇಟೆಯಲ್ಲಿ 9900 ಎಂದು ಮುದ್ರಿಸಿದ ಸೆಲ್ಲುಗಳು ರಾಶಿಯಾಗಿ ಸಿಗುತ್ತವೆ. ಅಷ್ಟು ಶಕ್ತಿ ಆ ಗಾತ್ರದಲ್ಲಿ ಹಿಡಿಯುವುದೇ ಇಲ್ಲ. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದರೂ ಸಾಕು, ಅಸಲಿ ಸೆಲ್ಲು 45 ಗ್ರಾಮಿನ ಮೇಲೆಯೇ ಇರುತ್ತದೆ. ಅಂಥ ಒಂದು ಅಸಲಿ ಸೆಲ್ಲಿನಲ್ಲಿ 100 ಲ್ಯೂಮೆನ್ ಬಿಳಿ ಬೆಳಕು ಒಂದು ರಾತ್ರಿಯ ಮಟ್ಟಿಗೆ ಬರುತ್ತದೆ, ಮಂದ ಕೆಂಪು ಅದರ ಎಷ್ಟೋ ಪಟ್ಟು. ಗಾಳಿಮಳೆಗೆ ಕಂಬ ಬಿದ್ದು ದಿನಗಟ್ಟಲೆ ಕರೆಂಟು ಇರದ ಊರುಗಳಲ್ಲಿ ಸೆಲ್ಲು ಬಿಚ್ಚಿ ಬದಲಿಸಲು ಬರುವ ಟಾರ್ಚೇ ಬೇಕು. ಒಳಗೇ ಮುಚ್ಚಿಹಾಕಿದ ಬ್ಯಾಟರಿಯದ್ದು ಬೇಡ.

ನೀರಿನ ವಿಷಯ: ಐಪಿಎಕ್ಸ್4 ಎಂದರೆ ಸಿಡಿಯುವ ಹನಿ ತಡೆಯುತ್ತದೆ ಎಂದಷ್ಟೇ. ಐಪಿಎಕ್ಸ್7 ಎಂದರೆ ಒಂದು ಮೀಟರು ನೀರಿನಲ್ಲಿ 30 ನಿಮಿಷ. ನಮ್ಮ ಜಡಿಮಳೆಗೆ ಇದಕ್ಕಿಂತ ಕಡಿಮೆಯದ್ದನ್ನು ನೋಡಲೇಬೇಡಿ. ನೀರು ನುಗ್ಗುವುದು ಹೆಚ್ಚಾಗಿ ಚಾರ್ಜು ಮಾಡುವ ಕಿಂಡಿಯ ರಬ್ಬರ್ ಮುಚ್ಚಳದಿಂದ. ಅದು ಸಡಿಲವಾಗಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹಿಂಬದಿಯ ತಿರುಪಿನ ರಬ್ಬರ್ ಉಂಗುರಕ್ಕೆ ಆಗಾಗ ಸಿಲಿಕೋನ್ ಗ್ರೀಸ್ ಸವರುತ್ತಿರಬೇಕು. ತೆಂಗಿನೆಣ್ಣೆ ಸವರುವವರಿದ್ದಾರೆ, ಅದು ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ.

ಕೊನೆಯದಾಗಿ ಮಿಣುಕು. ಅಗ್ಗದ ಟಾರ್ಚುಗಳು ಬೆಳಕನ್ನು ಮಂದಗೊಳಿಸಲು ಎಲ್‌ಇಡಿಯನ್ನು ಬಹಳ ವೇಗವಾಗಿ ಆರಿಸಿ ಹೊತ್ತಿಸುತ್ತಿರುತ್ತವೆ. ಕೆಳಗಿನ ಮಟ್ಟಕ್ಕೆ ಇಳಿಸಿ ಸೂರಿನಿಂದ ಬೀಳುವ ಮಳೆಯ ಹನಿಗಳ ಮೇಲೆ ಹಿಡಿದು ನೋಡಿ: ಒಳ್ಳೆಯ ಟಾರ್ಚಿನಲ್ಲಿ ಹನಿ ಒಂದೇ ಗೆರೆಯಾಗಿ ಇಳಿಯುತ್ತದೆ, ಕೆಟ್ಟದ್ದರಲ್ಲಿ ಬಿಡಿಬಿಡಿ ಮಣಿಗಳಾಗಿ ಒಡೆದು ಕಾಣುತ್ತದೆ. ಅಂಗಡಿಯಲ್ಲಾದರೆ ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ಪಟ್ಟೆಗಳು ಓಡುತ್ತವೆ.

ಕಾಳಿ ಕಡವು, ಕಾರವಾರ

ಕರಾವಳಿಯವರು ಉಪ್ಪನ್ನು ಮರೆಯಬಾರದು. ಐಪಿಎಕ್ಸ್8 ಇದ್ದರೂ ಉಪ್ಪುನೀರು ತಾಗಿದ ಟಾರ್ಚನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ತಿರುಪಿನ ಸುತ್ತು ಹಿಡಿದುಕೊಳ್ಳುತ್ತದೆ, ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಏಳುತ್ತದೆ. ದೋಣಿಯಲ್ಲಿ ಬಳಸುವುದಾದರೆ ಕೈಗೆ ದಾರ ಕಟ್ಟಿಕೊಳ್ಳಿ. ಲೋಹದ ಟಾರ್ಚು ತೇಲುವುದಿಲ್ಲ.

ತೋಟದಮನೆ, ಶಿರಸಿ

ಸಿಆರ್‌ಐ 90ರ ಬಿಳಿ, ಪ್ರತ್ಯೇಕ ಗುಂಡಿಯ ಮಂದ ಕೆಂಪು, ಬಿಚ್ಚಿ ತೆಗೆಯಬಹುದಾದ ಸೆಲ್ಲು, ಐಪಿಎಕ್ಸ್7 ಎಂದು ಬರೆದಿಟ್ಟುಕೊಂಡಿದ್ದೇನೆ. ಚೇಳಿಗೆ 365ರ ಸಣ್ಣ ನೇರಳಾತೀತ ಟಾರ್ಚನ್ನು ಬೇರೆಯಾಗಿಯೇ ಕೊಳ್ಳುತ್ತೇನೆ. ಒಂದೇ ಸಂಶಯ: ಇಂಥ ಟಾರ್ಚುಗಳು ಚೀಲದಲ್ಲಿ ತಾವಾಗಿಯೇ ಹೊತ್ತಿಕೊಂಡು ಬಿಸಿಯಾಗುತ್ತವೆ ಎಂದು ಕೇಳಿದ್ದೇನೆ, ಹೌದೇ?

ಬೆಸುಗೆಕಡ್ಡಿ, ಕುಮಟಾ

ಹೌದು. ಎಲೆಕ್ಟ್ರಾನಿಕ್ ಗುಂಡಿಯ ಟಾರ್ಚು ಚೀಲದೊಳಗೆ ಗರಿಷ್ಠ ಮಟ್ಟದಲ್ಲಿ ಹೊತ್ತಿಕೊಂಡರೆ ಬಟ್ಟೆ ಕರಗುವಷ್ಟು ಬಿಸಿಯಾಗಬಲ್ಲದು. ಚೀಲಕ್ಕೆ ಹಾಕುವ ಮುನ್ನ ಹಿಂಬದಿಯ ತಿರುಪನ್ನು ಕಾಲು ಸುತ್ತು ಸಡಿಲಿಸಿ. ತಿರುಪಿನ ಸುತ್ತುಗಳಿಗೆ ವಿದ್ಯುತ್ ಹರಿಯದ ಲೇಪವಿರುವ ಟಾರ್ಚುಗಳಲ್ಲಿ ಅಷ್ಟರಲ್ಲೇ ಸಂಪರ್ಕ ಕಡಿಯುತ್ತದೆ. ಅಂಗಡಿಯಲ್ಲೇ ಸಡಿಲಿಸಿ ಗುಂಡಿ ಒತ್ತಿ ನೋಡಿ. ಆಗಲೂ ಹೊತ್ತಿದರೆ, ಪ್ರಯಾಣದಲ್ಲಿ ಸೆಲ್ಲನ್ನು ಬಿಚ್ಚಿ ಬೇರೆಯೇ ಡಬ್ಬಿಯಲ್ಲಿ ಇಡಬೇಕಾಗುತ್ತದೆ.